ಕೆನೆಟ್-ಏವನ್ ಕಾಲುವೆಯ ಪುನರುಜ್ಜೀವನ

ಕಾಲುವೆಯೆಂದೊಡನೆ ಕನ್ನಡಿಗರ ಕಣ್ಣಮುಂದೆ ನಿಲ್ಲುವುದು ಗದ್ದೆಗೆ ಹರಿಯುವ ನೀರು. ಇಂಗ್ಲೆಂಡಿನಲ್ಲಾದರೋ ಕಾಲುವೆಗಳನ್ನು ತೋಡಿದುದು ಬಹುಮಟ್ಟಿಗೆ ಸರಕಿನ ದೋಣಿಗಳಿಗಾಗಿ. ಬ್ರಿಸ್ಟಲ್ಲಿನಿಂದ ರೆಡಿಂಗ್‌ವರೆಗೆ 87 ಮೈಲಿ ಸಾಗಿ ಥೇಮ್ಸ್ ನದಿಯನ್ನು ಸೇರುವ ಕೆನೆಟ್-ಏವನ್ ಜಲಮಾರ್ಗವು ಅಂಥವುಗಳಲ್ಲೊಂದು. ಇದರ ಎರಡು ತುದಿಗಳು ನದೀಪಾತ್ರಗಳೇ. ಬಾತ್ ಮತ್ತು ನ್ಯೂಬರಿ ನಗರಗಳ ನಡುವಣ ಕಾಲುವೆಯನ್ನು ಜಾನ್ ರೆನಿ ಎಂಬ ಎಂಜಿನಿಯರನು 1794ರಲ್ಲಿ ಆರಂಭಿಸಿ 1810ರಲ್ಲಿ ಪೂರ್ಣಗೊಳಿಸಿದನು.

ದೋಣಿಯು ಗುಡ್ಡವನ್ನೇರುವುದೆಂತು? ಅದಕ್ಕಾಗಿ ಎರಡೂ ಕಡೆ ಕದಗಳುಳ್ಳ ಕಲ್ಲಿನ ಅಥವಾ ಇಟ್ಟಿಗೆಯ ತೊಟ್ಟಿಗಳನ್ನು ಕಟ್ಟಿರುತ್ತಾರೆ. ಇವಕ್ಕೆ ಲಾಕ್ ಎಂದು ಹೆಸರು. ಕೆಳಗಣ ಕದದಿಂದ ದೋಣಿ ಒಳಹೊಕ್ಕೊಡನೆ ಆ ಕದವನ್ನು ಮುಚ್ಚಿ ಮೇಲಣ ತೂಬನ್ನು ತೆರೆಯುವರು. ನೀರು ತುಂಬಿದಂತೆಲ್ಲ ದೋಣಿಯೂ ಮೇಲೇಳುವುದು. ಎರಡೂ ಕಡೆಯ ಮಟ್ಟ ಸಮನಾದಾಗ ಮೇಲಣ ಕದ ಸುಲಭವಾಗಿ ತೆರೆಯುವುದು. ಡಿವೈಜಸ್ ಊರಿನ ಬಳಿ 237 ಅಡಿಗಳ ಏರನ್ನು ಹತ್ತಲು ಇಂಥ 29 ಲಾಕುಗಳಿವೆ. ಅವುಗಳಲ್ಲಿ 16 ಕೇನ್ ಹಿಲ್ಲಿನ ಇಳಿಜಾರಿನಲ್ಲಿ ಒಂದೇ ಸಾಲಾಗಿ, ಮೆಟ್ಟಿಲುಗಳಂತೆ ನಿಂತಿವೆ. ಆದರೆ ಪ್ರತಿ ಸಲವೂ ಒಂದು ತೊಟ್ಟಿಯಷ್ಟು ನೀರು ಕೆಳಗಿಳಿಯುವುದರಿಂದ, ನೆತ್ತಿಯ ಭಾಗಕ್ಕೆ ನೀರನ್ನೊದಗಿಸುವುದೇ ಈ ಕಾಲುವೆಯ ಹಳೆಯ ಕಷ್ಟ.

ಲಂಡನ್-ಬ್ರಿಸ್ಟಲ್ ರೈಲುಮಾರ್ಗವು 1841ರಲ್ಲಿ ಪೂರ್ಣವಾದ ಮೇಲೆ ದೋಣಿಗಳ ಸಾಗಣೆ ಕ್ಷೀಣಿಸಿತು. 1852ರಲ್ಲಿ ಕಾಲುವೆಯು ಅದೇ ರೈಲು ಕಂಪನಿಯ ಕೈಸೇರಿತು; ಪ್ರತಿಸ್ಪರ್ಧಿಯ ಮಡಿಲಲ್ಲಿ ಅದರ ಆರೈಕೆ ಎಷ್ಟರಮಟ್ಟಿಗೆ ನಡೆದೀತು! ಎರಡನೆಯ ಮಹಾಯುದ್ಧದ ತರುವಾಯ ಲಾಕುಗಳು ಶಿಥಿಲವಾಗಿ, ಹಲವೆಡೆ ಹೂಳು ತುಂಬಿತು. 1950ರ ದಶಕದಲ್ಲಿ ಸರ್ಕಾರೀ ಸಾರಿಗೆ ಆಯೋಗವು ಕಾಲುವೆಯನ್ನು ಮುಚ್ಚಲು ಹೊರಟಾಗ ಜನರು ಸುಮ್ಮನಿರಲಿಲ್ಲ. ಸಹಿಗಳ ಮನವಿಯೊಂದು ಜಲಮಾರ್ಗದಲ್ಲಿಯೇ ಲಂಡನ್ನಿಗೆ ಪಯಣಿಸಿತು. 1962ರಲ್ಲಿ ಟ್ರಸ್ಟ್ ಒಂದು ರೂಪುಗೊಂಡಿತು. ಸ್ವಯಂಸೇವಕರು ವರ್ಷಗಟ್ಟಲೆ ಹೂಳೆತ್ತಿದರು, ಗೋಡೆಗಳನ್ನು ಸರಿಪಡಿಸಿದರು, ಹಣ ಕೂಡಿಸಿದರು. ಕೊನೆಗೆ 1990ರ ಆಗಸ್ಟ್ 8ರಂದು ಎರಡನೆಯ ಎಲಿಜಬೆತ್ ರಾಣಿಯು ಅದನ್ನು ಪುನಃ ತೆರೆದರು.

ಇಂದು ಕಲ್ಲಿದ್ದಲಿನ ದೋಣಿಗಳಿಲ್ಲ. ಅಡುಗೆಮನೆ, ಮಲಗುವ ಕೋಣೆಗಳುಳ್ಳ ನೀಳ ದೋಣಿಗಳಲ್ಲಿ ಕುಟುಂಬಗಳು ರಜೆ ಕಳೆಯುತ್ತವೆ. ಕುದುರೆಗಳು ದೋಣಿಯೆಳೆಯುತ್ತಿದ್ದ ದಂಡೆಯ ಹಾದಿಯಲ್ಲಿ ಪಾದಚಾರಿಗಳೂ ಸೈಕಲ್ ಸವಾರರೂ ಸಂಚರಿಸುತ್ತಾರೆ. ಡಿವೈಜಸ್‌ನಿಂದ ವೆಸ್ಟ್‌ಮಿನ್‌ಸ್ಟರ್‌ವರೆಗಿನ 125 ಮೈಲಿಗಳ ದೋಣಿ ಪಂದ್ಯವು ಈಸ್ಟರ್ ಹಬ್ಬದ ವೇಳೆಗೆ ಜರುಗುತ್ತದೆ.

ನೀರಿನ ಕೊರತೆ ಮಾತ್ರ ತೀರಿಲ್ಲ. ಕೇನ್ ಹಿಲ್ಲಿನಲ್ಲಿ 1996ರಿಂದ ಪಂಪುಗಳು ಕೆಳಗಿಳಿದ ನೀರನ್ನು ಮರಳಿ ಮೇಲಕ್ಕೊಯ್ಯುತ್ತಿವೆ. ನೆತ್ತಿಯ ಭಾಗಕ್ಕೆ ಕ್ರಾಫ್ಟನ್ನಿನಲ್ಲಿ ವಿದ್ಯುತ್ ಪಂಪಿದೆ. ಅಲ್ಲಿಯೇ 1812ರ ಬೋಲ್ಟನ್-ವ್ಯಾಟ್ ಉಗಿಯಂತ್ರವನ್ನೂ ಉಳಿಸಿಕೊಂಡಿದ್ದಾರೆ. ಅದಕ್ಕೆ ಉಗಿ ಹಾಯಿಸುವ ದಿನಗಳಲ್ಲಿ ವಿದ್ಯುತ್ ಪಂಪನ್ನು ನಿಲ್ಲಿಸಿ, ಸುಮಾರು 40 ಅಡಿ ಮೇಲಣ ಕಾಲುವೆಗೆ ಈ ಮುದಿಯಂತ್ರದಿಂದಲೇ ನೀರೆತ್ತಿಸುತ್ತಾರೆ.