ಟ್ಯಾಬ್ಲೆಟು ಲ್ಯಾಪ್‌ಟಾಪಿನ ಕೆಲಸವನ್ನು ಮಾಡಬಲ್ಲುದೇ?

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಒಂದುಗೂಡಿ ಈ ವರ್ಷ ಶಾಲೆಗೆ ಒಂದು ಕೊಡುಗೆಯನ್ನು ಸಲ್ಲಿಸಲು ನಿಶ್ಚಯಿಸಿದರು. ಕೂಡಿದ ಹಣದಿಂದ ಟ್ಯಾಬ್ಲೆಟುಗಳನ್ನು ಕೊಳ್ಳತಕ್ಕದ್ದೋ ಲ್ಯಾಪ್‌ಟಾಪುಗಳನ್ನು ಕೊಳ್ಳತಕ್ಕದ್ದೋ ಎಂದು ನಮ್ಮ ಅಭಿಪ್ರಾಯವನ್ನು ಕೇಳಿದರು. ಒಂದು ಲ್ಯಾಪ್‌ಟಾಪಿನ ಬೆಲೆಗೆ ಸಾಧಾರಣ ದರ್ಜೆಯ ಟ್ಯಾಬ್ಲೆಟುಗಳು ಎರಡು ಮೂರು ದೊರೆಯುವುದರಿಂದ, ಹೆಚ್ಚು ಹುಡುಗಿಯರ ಕೈಗೆ ಸಿಕ್ಕಲೆಂಬ ಸದುದ್ದೇಶದಿಂದ ಅವರಲ್ಲಿ ಬಹುಮಂದಿ ಟ್ಯಾಬ್ಲೆಟಿನ ಕಡೆಗೇ ಒಲಿದಿದ್ದರು. ಅದೇ ವಾರದಲ್ಲಿ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಕಚೇರಿಗೆ ಬಂದು, "ಟೀಚರಮ್ಮಾ, ಮಗನಿಗೆ ಲ್ಯಾಪ್‌ಟಾಪು ತೆಗೆದುಕೊಟ್ಟಾಯಿತು, ಇವಳಿಗೆ ಒಂದು ಟ್ಯಾಬ್ಲೆಟು ಸಾಕಲ್ಲವೇ?" ಎಂದು ಕೇಳಿದರು. ಅವರ ಮಾತಿನಲ್ಲಿ ಕುಟಿಲವೇನೂ ಇರಲಿಲ್ಲ. ಆದರೂ ಆ "ಇವಳಿಗೆ" ಎಂಬ ಮಾತು ನಮ್ಮ ಮನಸ್ಸಿನಲ್ಲಿ ಉಳಿಯಿತು.

ಕೇಳಿದವರಿಗೆ ಬಾಯಿಗೆ ಬಂದ ಉತ್ತರವನ್ನು ಕೊಡುವುದಕ್ಕಿಂತ ನಾವೇ ಪರೀಕ್ಷಿಸಿ ನೋಡುವುದು ಯುಕ್ತವೆಂದು ತೋರಿತು. ಆದಕಾರಣ ಕಚೇರಿಯ ಲ್ಯಾಪ್‌ಟಾಪನ್ನು 3 ವಾರಗಳ ಕಾಲ ಬೀರುವಿನಲ್ಲಿಟ್ಟು ಬೀಗ ಹಾಕಿ, ಶಾಲೆಯ ನಿತ್ಯದ ಬರಹ, ಲೆಕ್ಕ, ಪತ್ರವ್ಯವಹಾರಗಳನ್ನೆಲ್ಲ 11 ಅಂಗುಲದ ಒಂದು ಟ್ಯಾಬ್ಲೆಟಿನಿಂದಲೇ ಮಾಡಲು ತೊಡಗಿದೆವು. ನಮಗೆ ತಿಳಿದುಬಂದುದನ್ನು ವಿದ್ಯಾರ್ಥಿನಿಯರ ಮತ್ತು ಅವರ ಹೆತ್ತವರ ಉಪಯೋಗಕ್ಕಾಗಿ ಇಲ್ಲಿ ಬರೆಯುತ್ತೇವೆ.

ಮೊದಲು ಹೆಸರನ್ನು ವಿಚಾರಿಸೋಣ. ಟ್ಯಾಬ್ಲೆಟು ಎಂದರೆ ಬರೆಯುವ ಹಲಗೆ. ಮಾತು ನಿಂತುಹೋಗಿದ್ದ ಜಕರೀಯನು ಮಗುವಿನ ಹೆಸರನ್ನು ತಿಳಿಸಲು ಹಲಗೆಯನ್ನು ಕೇಳಿದ ವೃತ್ತಾಂತವು ಲೂಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿರುವುದನ್ನು ನೀವೆಲ್ಲರೂ ಬಲ್ಲಿರಿ. ರೋಮಿನವರು ಮೇಣ ಬಳಿದ ಹಲಗೆಯ ಮೇಲೆ ಕಡ್ಡಿಯಿಂದ ಗೀರಿ ಟಿಪ್ಪಣಿ ಮಾಡಿಕೊಂಡು, ಉಳಿಯಬೇಕಾದ ಗ್ರಂಥವನ್ನು ಪಪೈರಸಿನ ಸುರುಳಿಯಲ್ಲಿ ಬರೆಯಿಸುತ್ತಿದ್ದರು. ನಮ್ಮ ನಾಡಿನಲ್ಲಿಯೂ ಹೀಗೆಯೇ. ಮಕ್ಕಳ ಕೈಯಲ್ಲಿ ಹಲಗೆ ಬಳಪಗಳಿದ್ದವು. ಲೆಕ್ಕಪತ್ರಗಳಿಗಾದರೋ ಹುಣಸೆಬೀಜದ ಅಂಟನ್ನೂ ಇದ್ದಲ ಪುಡಿಯನ್ನೂ ಬಳಿದು ಗಟ್ಟಿಮಾಡಿದ ಬಟ್ಟೆಯ ಕಡತವಿತ್ತು. ಹಲಗೆ ಶಾಲೆಯಿಂದ ಮಾಯವಾಯಿತು. ಕಡತವು ಬಟ್ಟೆಯನ್ನು ಬಿಟ್ಟರೂ ಹೆಸರನ್ನು ಬಿಡದೆ ಇಂದಿಗೂ ಕಚೇರಿಗಳಲ್ಲಿ ಉಳಿದಿದೆ. ಒಂದೇ ಊರಿನಲ್ಲಿ ಎರಡು ಸಾಧನಗಳು ಬೇಕಾಗಿದ್ದುದಕ್ಕೆ ಕಾರಣವುಂಟಷ್ಟೆ.

ಓದುವ ಕೆಲಸದಲ್ಲಿ ಟ್ಯಾಬ್ಲೆಟಿಗೆ ಸರಿಯಾದುದು ಇನ್ನೊಂದಿಲ್ಲವೆಂದೇ ಹೇಳಬೇಕು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟು 1,700ಕ್ಕೂ ಮಿಕ್ಕ ಪುಟಗಳುಳ್ಳದ್ದು. ಮೇಜಿನಿಂದ ಮೇಜಿಗೆ ಸಾಗಿಸಲು ಎರಡು ಕೈಗಳೂ ಬೇಕು. ಅದೇ ನಿಘಂಟಿನ ಪುಟಗಳ ಪ್ರತಿಯು ಅರ್ಧ ಕಿಲೋಗ್ರಾಮಿನಷ್ಟು ತೂಗುವ ಟ್ಯಾಬ್ಲೆಟಿನಲ್ಲಿ ಅಡಗಿ ಕುಳಿತಿತ್ತು. ಹುಡುಗಿಯರ ಪ್ರಬಂಧಗಳನ್ನು ತೆರೆಯ ಮೇಲೆ ತೆಗೆದು, ಲೇಖನಿಯಂಥ ಕಡ್ಡಿಯಿಂದ ಕೆಂಪುಗೆರೆ ಎಳೆದು ತಿದ್ದಿದೆವು. ಲ್ಯಾಪ್‌ಟಾಪಿನಲ್ಲಿ ಈ ಕೆಲಸ ಎಂದೂ ಇಷ್ಟು ಸಲೀಸಾಗಿ ನಡೆದಿರಲಿಲ್ಲ. ಮಳೆಗಾಲದಲ್ಲಿ ವಿದ್ಯುತ್ತು ಹೋದಾಗಲೂ ಬೆಳಗಿನಿಂದ ಸಂಜೆಯ ತನಕ ಅದು ಕೈಕೊಡಲಿಲ್ಲ. ಪಠ್ಯಪುಸ್ತಕದಲ್ಲಿ ಮುದ್ರಿಸಿರುವ ಚೌಕಗುರುತನ್ನು ಅದರ ಕ್ಯಾಮರಾಕ್ಕೆ ತೋರಿಸಿ, 2017ರಲ್ಲಿ ಆರಂಭವಾದ ದೀಕ್ಷಾ ತಾಣದ ಪಾಠವನ್ನು ತೆರೆಯುವುದು ಚಿಕ್ಕ ತರಗತಿಯ ಮಗುವಿಗೂ ಸುಲಭಸಾಧ್ಯ. ಮೊದಲನೆಯ ವಾರದ ಕೊನೆಗೆ ಹಳೆಯ ವಿದ್ಯಾರ್ಥಿನಿಯರ ಮಾತೇ ಸರಿಯೆಂದು ನಾವು ಅಂದುಕೊಂಡುದುಂಟು.

ತೊಡಕು ತೋರಿದುದು ಬರೆಯುವಾಗ. ನಾಲ್ಕು ಸಾಲಿನ ಪತ್ರಕ್ಕೆ ಏನೂ ಅಡ್ಡಿಯಿಲ್ಲ. ಆದರೆ ವಾರ್ಷಿಕ ವರದಿಯನ್ನು ಬರೆಯಲು ಕುಳಿತಾಗ ಗಾಜಿನ ಮೇಲಿನ ಕೀಲಿಮಣೆಯೇ ತೆರೆಯ ಅರ್ಧವನ್ನು ನುಂಗಿತು. ಬರೆದುದರಲ್ಲಿ ಆರೇಳು ಸಾಲುಗಳು ಮಾತ್ರ ಕಾಣುತ್ತಿದ್ದವು. ಕನ್ನಡ ಬರೆಯುವವರಿಗೆ ಈ ಕಷ್ಟ ಇಮ್ಮಡಿ. 'ಸ್ತ್ರೀ' ಎಂಬ ಒಂದೇ ಅಕ್ಷರವನ್ನು ನೋಡಿರಿ. ಸಕಾರ, ವಿರಾಮಚಿಹ್ನೆ, ತಕಾರ, ಮತ್ತೆ ವಿರಾಮಚಿಹ್ನೆ, ರಕಾರ, ದೀರ್ಘ ಈಕಾರ, ಹೀಗೆ 6 ಸಂಕೇತಗಳು ಕೂಡಿ ಅದು ಆಗುವುದು. ಕೆ. ಪಿ. ರಾಯರು ರೂಪಿಸಿದ ಕೀಲಿಮಣೆಯ ಕ್ರಮವನ್ನು ಕಲಿತ ಹುಡುಗಿಯು ಲ್ಯಾಪ್‌ಟಾಪಿನಲ್ಲಿ ಆ 6 ಕೀಲಿಗಳನ್ನೂ ಕೈಯ ಕಡೆಗೆ ನೋಡದೆ ಒತ್ತಿಬಿಡುವಳು. ಗಾಜಿನ ಮೇಲಾದರೋ ಬೆರಳಿಗೆ ಕೀಲಿಯ ಅಂಚು ತಾಕುವುದಿಲ್ಲ. ಪ್ರತಿಯೊಂದನ್ನೂ ಕಣ್ಣಿನಿಂದ ಹುಡುಕಬೇಕು. ಕಣ್ಣು ಕೀಲಿಯ ಮೇಲಿರಲು ಮನಸ್ಸು ವಾಕ್ಯದ ಮೇಲೆ ನಿಲ್ಲುವುದೆಂತು? ಬಾಯಿಂದ ಹೇಳಿ ಬರೆಯಿಸಬಹುದಲ್ಲಾ ಎಂದು ನಮ್ಮ ಕಿರಿಯ ಉಪಾಧ್ಯಾಯಿನಿಯೊಬ್ಬರು ಸೂಚಿಸಿದರು. ಬರೆಯಿಸಿಯೂ ನೋಡಿದೆವು. ಆಡುವ ಮಾತನ್ನು ಯಂತ್ರವು ಬಹುಮಟ್ಟಿಗೆ ಸರಿಯಾಗಿಯೇ ಹಿಡಿಯಿತು, ಹೆಸರುಗಳಲ್ಲಿ ಎಡವಿತು. ಅದಲ್ಲದೆ ಒಬ್ಬ ಹುಡುಗಿಯ ಮನೆಯ ಕಷ್ಟವನ್ನು ಕುರಿತ ಪತ್ರವನ್ನು ಹತ್ತು ಜನ ಕೇಳುವಂತೆ ಗಟ್ಟಿಯಾಗಿ ಹೇಳಿ ಬರೆಯಿಸುವುದು ಆಗುವ ಮಾತೇ?

ಹಳೆಯ ಪ್ರಶ್ನಪತ್ರಿಕೆಗಳನ್ನು ತೆರೆದಾಗ ಇನ್ನೊಂದು ವಿಚಿತ್ರವನ್ನು ಕಂಡೆವು. ಕನ್ನಡದ ಬದಲಾಗಿ ರೋಮನ್ ಅಕ್ಷರಗಳೂ ಸೊಟ್ಟ ಗುರುತುಗಳೂ ಸಾಲುಸಾಲಾಗಿ ನಿಂತಿದ್ದವು. ಕಾರಣವೇನೆಂದರೆ, ಲೋಕದ ಲಿಪಿಗಳಿಗೆಲ್ಲ ಒಂದೊಂದು ಅಂಕೆಯನ್ನು ಗೊತ್ತುಮಾಡುವ ಯೂನಿಕೋಡ್ ಪದ್ಧತಿಯಲ್ಲಿ 1991ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡವು ಇದ್ದರೂ, ನಮ್ಮಲ್ಲಿ ಅದರ ಬಳಕೆ ನೆಲೆಗೊಳ್ಳಲು ಬಹುಕಾಲ ಹಿಡಿಯಿತು. ಅದಕ್ಕೆ ಮುಂಚೆ ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಅಚ್ಚುಗಳಿಂದ ನಾವು ಕೆಲಸ ಸಾಗಿಸಿದೆವು. ಆ ಅಚ್ಚು ಇಲ್ಲದ ಯಂತ್ರದಲ್ಲಿ ಮುಸುಕು ಕಳಚಿ ರೋಮನ್ ಅಕ್ಷರವೇ ಹೊರಗೆ ಬರುವುದು. ಲ್ಯಾಪ್‌ಟಾಪಿನಲ್ಲಾದರೆ ಹಳೆಯ ಅಚ್ಚನ್ನು ಸೇರಿಸಿ ಓದಬಹುದು, ಪರಿವರ್ತಕದ ಸಹಾಯದಿಂದ ಯೂನಿಕೋಡಿಗೆ ತಿರುಗಿಸಲೂಬಹುದು. ಟ್ಯಾಬ್ಲೆಟಿನಲ್ಲಿ ಇದನ್ನು ಮಾಡಲು ನಮ್ಮಿಂದ ಆಗಲಿಲ್ಲ. ಹತ್ತಾರು ವರ್ಷಗಳ ಪ್ರಶ್ನಪತ್ರಿಕೆಗಳು ಆ 3 ವಾರ ನಮಗೆ ಮೂಕವಾಗಿಯೇ ಇದ್ದವು.

ಅಂಕಪಟ್ಟಿಯ ಕಥೆಯನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳತಕ್ಕದ್ದೇ. ಹತ್ತನೆಯ ತರಗತಿಯ ಅಂಕಗಳು ಒಟ್ಟು 625; ಪ್ರಥಮ ಭಾಷೆಗೆ 125, ಉಳಿದ 5 ವಿಷಯಗಳಿಗೆ ತಲಾ 100. ಪೂರ್ವಸಿದ್ಧತಾ ಪರೀಕ್ಷೆಯ ಅಂಕಗಳನ್ನು ಕಾಗದದಿಂದ ಟ್ಯಾಬ್ಲೆಟಿಗೆ ಏರಿಸುತ್ತಿರುವಾಗ ನಮ್ಮ ಬೆರಳು ಒಂದು ಸಾಲು ಕೆಳಗೆ ತಾಕಿ, ಒಬ್ಬಳ ಗಣಿತದ ಅಂಕ ಇನ್ನೊಬ್ಬಳ ಹೆಸರಿನ ಮುಂದೆ ಕುಳಿತಿತು. ಅಲ್ಲಿಂದ ಮುಂದಿನವರದೆಲ್ಲವೂ ಒಂದೊಂದು ಸಾಲು ಜಾರಿತು. ತೆರೆಯ ಅರ್ಧ ಮುಚ್ಚಿದ್ದುದರಿಂದ ಅದು ನಮಗೆ ಕಾಣಲಿಲ್ಲ. ಪಟ್ಟಿಯನ್ನು ಹೊರಗೆ ಕಳುಹಿಸುವ ಮುನ್ನ ಗಣಿತದ ಉಪಾಧ್ಯಾಯಿನಿಯವರು ನೋಡಿದುದು ದೇವರ ದಯೆ. ಲ್ಯಾಪ್‌ಟಾಪಿನಲ್ಲಿ ತಪ್ಪು ಆಗುವುದೇ ಇಲ್ಲವೆಂದಲ್ಲ. ಆದರೆ ಪಟ್ಟಿಯಿಡೀ ಕಣ್ಣೆದುರು ಇರುವುದರಿಂದ ತಪ್ಪು ಬೇಗ ಸಿಕ್ಕಿಬೀಳುವುದು. ಮುದ್ರಣ, ಜಾಲತಾಣಗಳ ಉದ್ದುದ್ದ ನಮೂನೆಗಳನ್ನು ತುಂಬುವುದು, ಸಹಿಯ ಕೀಲಿಯನ್ನು ಯಂತ್ರಕ್ಕೆ ಸಿಕ್ಕಿಸುವುದು ಮೊದಲಾದವುಗಳಲ್ಲಿಯೂ ಇಂಥ ಸಣ್ಣಪುಟ್ಟ ಅಡಚಣೆಗಳು ಬಂದವು, ವಿಸ್ತರಿಸುವುದಿಲ್ಲ.

"ಬೇರೆ ಕೀಲಿಮಣೆಯೊಂದನ್ನು ಜೋಡಿಸಿದರಾಯಿತು" ಎಂದು ಅಂಗಡಿಯವರು ಹೇಳುವರು. ಜೋಡಿಸಿದರೆ ಬರೆಯುವ ಕಷ್ಟ ಬಹುಪಾಲು ನೀಗುವುದು ನಿಜ. ಅದರೊಡನೆ ಬೆಲೆಯೂ ತೂಕವೂ ಏರುವವು. 2020ರಲ್ಲಿ ಬಂದ ದೊಡ್ಡ ಐಪ್ಯಾಡನ್ನು ಅದರ ಕೀಲಿಮಣೆಯ ಸಂಗಡ ತಕ್ಕಡಿಯಲ್ಲಿಟ್ಟರೆ, ಅದೇ ಸಂಸ್ಥೆಯ ಅದೇ ವರ್ಷದ ತೆಳು ಲ್ಯಾಪ್‌ಟಾಪಿಗಿಂತ ಅದೇ ಭಾರವಾಗಿತ್ತು. 2010ರಲ್ಲಿ ಸ್ಟೀವ್ ಜಾಬ್ಸರು ಮೊದಲ ಐಪ್ಯಾಡನ್ನು ಲೋಕಕ್ಕೆ ತೋರಿಸಿದಾಗ, ಇದು ಫೋನಿಗೂ ಲ್ಯಾಪ್‌ಟಾಪಿಗೂ ನಡುವಣ ಸಾಧನವೆಂದೇ ಪರಿಚಯಿಸಿದರು. 2017ರ ಹೊತ್ತಿಗೆ ಅದೇ ಸಂಸ್ಥೆಯ ಜಾಹೀರಾತಿನಲ್ಲಿ, ದಿನವಿಡೀ ಟ್ಯಾಬ್ಲೆಟನ್ನೇ ಹಿಡಿದು ತಿರುಗಿದ ಹುಡುಗಿಯೊಬ್ಬಳು ಕಂಪ್ಯೂಟರೆಂದರೇನೆಂದು ಕೇಳುವಳು. ನೋಡಲು ಚೆನ್ನಾಗಿತ್ತು, ಆ ದಿನ ಅವಳಿಗೆ ಅಂಕಪಟ್ಟಿ ಮಾಡುವ ಕೆಲಸವಿರಲಿಲ್ಲವೆಂದು ತೋರುತ್ತದೆ. ಆಮೇಲೆ 2020ರಲ್ಲಿ ಮೌಸಿನ ಬಳಕೆಗೆ ತಕ್ಕ ಏರ್ಪಾಡೂ, 2025ರಲ್ಲಿ ಹಲವು ಪುಟಗಳನ್ನು ಬೇಕಾದ ಅಳತೆಗೆ ತೆರೆದಿಡುವ ಸೌಕರ್ಯವೂ ಅದಕ್ಕೆ ಬಂದವು. ಲ್ಯಾಪ್‌ಟಾಪಿನ ಕೆಲಸ ಮಾಡಬೇಕಾದರೆ ಟ್ಯಾಬ್ಲೆಟು ಮೆಲ್ಲಮೆಲ್ಲನೆ ಲ್ಯಾಪ್‌ಟಾಪೇ ಆಗಬೇಕಾಯಿತು. ಮೈಕ್ರೋಸಾಫ್ಟಿನ ಸರ್ಫೇಸ್ ಪ್ರೋದಂಥವು ಹಲಗೆಯ ಆಕಾರದಲ್ಲಿದ್ದರೂ ಒಳಗಿರುವುದು ಪೂರ್ಣ ವಿಂಡೋಸ್. ಆದುದರಿಂದ ಕೊಳ್ಳುವಾಗ ಆಕಾರವನ್ನಲ್ಲ, ಒಳಗಿನ ವ್ಯವಸ್ಥೆ ಯಾವುದೆಂಬುದನ್ನು ಕೇಳಿರಿ. ಮುಂದೆ ವಾಣಿಜ್ಯ ಓದಿ ಟ್ಯಾಲಿಯಲ್ಲಿ ಲೆಕ್ಕ ಬರೆಯಬೇಕೆಂದಿರುವವಳಿಗೆ ಈ ಪ್ರಶ್ನೆ ಮುಖ್ಯ. ಆ ತಂತ್ರಾಂಶವನ್ನು ಮಾಡಿರುವುದು ವಿಂಡೋಸಿಗಾಗಿ.

ಅಗ್ಗವೆಂಬ ಒಂದೇ ಕಾರಣಕ್ಕೆ ಕೊಳ್ಳುವುದರ ಫಲವನ್ನು ನಮ್ಮ ದೇಶ ಒಮ್ಮೆ ಕಂಡಿದೆ. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿದ ಆಕಾಶ್ ಟ್ಯಾಬ್ಲೆಟಿಗೆ 7 ಅಂಗುಲದ ತೆರೆ, 256 ಮೆಗಾಬೈಟಿನ ಸ್ಮರಣಶಕ್ತಿ. ಉದ್ದೇಶ ಉದಾರವಾಗಿತ್ತು. ಬೆರಳಿನಿಂದ ಒತ್ತಿ ಒತ್ತಿ ನಡೆಸಬೇಕಾದ, ನಿಧಾನಗತಿಯ ಆ ಯಂತ್ರ ವಿದ್ಯಾರ್ಥಿಗಳ ಕೈಯಲ್ಲಿ ನಿಲ್ಲಲಿಲ್ಲ.

ಇದಕ್ಕೂ ಬಹಳ ಹಿಂದೆ, 1972ರಲ್ಲಿ, ಅಮೆರಿಕದ ಝೆರಾಕ್ಸ್ ಸಂಶೋಧನಾಲಯದಲ್ಲಿದ್ದ ಅಲನ್ ಕೇ ಎಂಬ ವಿದ್ವಾಂಸರು ಮಕ್ಕಳಿಗಾಗಿ ಪುಸ್ತಕದಷ್ಟಗಲದ ಒಂದು ಯಂತ್ರವನ್ನು ಕಲ್ಪಿಸಿ ಬರೆದರು. ಅದಕ್ಕೆ ಡೈನಾಬುಕ್ ಎಂದು ಹೆಸರಿಟ್ಟರು. ಟ್ಯಾಬ್ಲೆಟಿನ ಮೂಲಪುರುಷನೆಂದು ಇದನ್ನೇ ಹೇಳುವುದುಂಟು. ಆದರೆ ಅವರ ಚಿತ್ರದಲ್ಲಿ ತೆರೆಯ ಕೆಳಗೆ ಕೀಲಿಮಣೆಯಿತ್ತು. ಅವರ ಲೇಖನದಲ್ಲಿ ಬರುವ ಜಿಮ್ಮಿ, ಬೆತ್ ಎಂಬ ಮಕ್ಕಳು ಆ ಯಂತ್ರದಲ್ಲಿ ಆಟವಾಡುವುದಷ್ಟೇ ಅಲ್ಲ, ಆಟವನ್ನೇ ತಿದ್ದಿ ಬದಲಿಸಲು ಹೊರಡುವರು. ನಮಗೆ ಮುಖ್ಯವಾಗಿ ತೋರಿದುದು ಇದೇ. ಇನ್ನೊಬ್ಬರು ಮಾಡಿಟ್ಟುದನ್ನು ಓದಿ, ನೋಡಿ, ಕೇಳಿ ತಿಳಿಯುವುದಕ್ಕೆ ಟ್ಯಾಬ್ಲೆಟು ಧಾರಾಳವಾಗಿ ಸಾಕು. ತಾನೇ ಬರೆಯುವ, ಲೆಕ್ಕ ಹಾಕುವ, ಎರಡು ಕಾಗದಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವ ದಿನದ ಕೆಲಸಕ್ಕೆ ಸಾಲದು. ಅಣ್ಣನಿಗೆ ಲ್ಯಾಪ್‌ಟಾಪು, ತಂಗಿಗೆ ಟ್ಯಾಬ್ಲೆಟು ಎಂದು ಗೊತ್ತುಮಾಡುವ ಮನೆಯವರು, ಮಾಡುವವನು ಅವನು, ನೋಡುವವಳು ಇವಳು ಎಂದೂ ತಿಳಿಯದೆಯೇ ಗೊತ್ತುಮಾಡಿರುತ್ತಾರೆ.

ಆ ತಂದೆಯವರನ್ನು ಕರೆಯಿಸಿ ಇಷ್ಟನ್ನೂ ಹೇಳಿದೆವು. ಹೊಸ ಟ್ಯಾಬ್ಲೆಟು, ಅದಕ್ಕೆ ಕೀಲಿಮಣೆ, ಕಡ್ಡಿ ಎಲ್ಲ ಸೇರಿಸಿದ ಬೆಲೆಗೆ, ದುರಸ್ತಿ ಮಾಡಿ ಹೊಣೆಪತ್ರದೊಡನೆ ಮಾರುವ ಹಳೆಯ ಲ್ಯಾಪ್‌ಟಾಪು ಸಿಕ್ಕೀತೆಂದು ಲೆಕ್ಕ ತೋರಿಸಿದೆವು. ಅವರು ಚೀಟಿಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು, "ಮನೆಯಲ್ಲಿ ಕೇಳಿ ಹೇಳುತ್ತೇನೆ ಟೀಚರಮ್ಮಾ" ಎಂದು ಹೋದರು. ಇನ್ನೂ ಬಂದಿಲ್ಲ.

ಶಾಲೆಯ ಮಟ್ಟಿಗೆ, ಹಳೆಯ ವಿದ್ಯಾರ್ಥಿನಿಯರ ಒಪ್ಪಿಗೆ ಪಡೆದು, 12 ಲ್ಯಾಪ್‌ಟಾಪುಗಳನ್ನೂ 5 ಟ್ಯಾಬ್ಲೆಟುಗಳನ್ನೂ ಕೊಳ್ಳುವುದೆಂದು ತೀರ್ಮಾನವಾಗಿದೆ. ಟ್ಯಾಬ್ಲೆಟುಗಳು ವಾಚನಾಲಯಕ್ಕೂ ಚಿಕ್ಕ ತರಗತಿಗಳಿಗೂ ಹೋಗುವವು. ವಿಜ್ಞಾನದ ಉಪಾಧ್ಯಾಯಿನಿಯವರು ಈ ತೀರ್ಮಾನವನ್ನು ಇನ್ನೂ ಪೂರ್ಣವಾಗಿ ಒಪ್ಪಿಲ್ಲ. ಒಂದು ಯಂತ್ರದ ಮುಂದೆ ನಾಲ್ವರು ಕುಳಿತರೆ ಕೀಲಿಯನ್ನು ಮುಟ್ಟುವವಳು ಚುರುಕಾದವಳೊಬ್ಬಳೇ, ಉಳಿದ ಮೂವರು ಮತ್ತೆ ನೋಡುವವರೇ ಎಂಬುದು ಅವರ ವಾದ. ಅದು ಸುಳ್ಳಲ್ಲ. ಅದಕ್ಕಾಗಿ ಹತ್ತು ನಿಮಿಷಕ್ಕೊಮ್ಮೆ ಸರದಿ ಬದಲಾಗತಕ್ಕದ್ದೆಂದೂ, ಗಂಟೆ ಹೊಡೆಯುವ ಕೆಲಸ ಆ ತಂಡದ ಅತ್ಯಂತ ಸಂಕೋಚದ ಹುಡುಗಿಯದೆಂದೂ ಗೊತ್ತುಮಾಡಿದ್ದೇವೆ. ಸರದಿಯ ಪಟ್ಟಿಯನ್ನು ಕಚೇರಿಯ ಬಾಗಿಲಿಗೆ ಅಂಟಿಸಲಾಗಿದೆ. ಅದನ್ನು ಸಿದ್ಧಪಡಿಸಿದುದು ಹತ್ತನೆಯ ತರಗತಿಯ ಇಬ್ಬರು ಹುಡುಗಿಯರು, ಬೀರುವಿನಿಂದ ಹೊರಗೆ ತೆಗೆದ ಹಳೆಯ ಲ್ಯಾಪ್‌ಟಾಪಿನಲ್ಲಿ.