ಚರ್ಚಾ ವಿಧಾನದಲ್ಲಿ ‘ಜಾಗತಿಕ ತಾಪಮಾನ ಏರಿಕೆ’: ಒಂದು ಪಾಠಾನುಭವ

ತರಗತಿ: 9 | ವಿಷಯ: ವಿಜ್ಞಾನ | ಅವಧಿ: 40 ನಿಮಿಷ

ಉದ್ದೇಶ

‘ಭೂಮಿ ಬಿಸಿಯಾಗಲು ಮನುಷ್ಯರು ಹೊರಬಿಡುವ ಇಂಗಾಲವೇ ಕಾರಣವೇ?’ ಎಂಬುದನ್ನು ಪರ–ವಿರೋಧದ ಸ್ಪರ್ಧೆಯಾಗಿ ನಡೆಸಿದರೆ ಚೆನ್ನಾಗಿ ಮಾತನಾಡುವ ಗುಂಪು ಗೆಲ್ಲುತ್ತದೆ. ಕೈ ಎತ್ತಿಸಿ ಎಣಿಸಿದರೂ ಸತ್ಯ ತಿಳಿಯುವುದಿಲ್ಲ. ಆದ್ದರಿಂದ ನಾನು ಒಂದೇ ನಿಯಮ ಇಟ್ಟೆ: ‘ನೀವು ಹೇಳುವ ಕಾರಣ ನಿಜವಾದರೆ ಬೇರೇನು ಕಾಣಿಸಬೇಕು?’ ಎಂಬ ಪ್ರಶ್ನೆಗೆ ಪ್ರತಿ ಗುಂಪೂ ಉತ್ತರಿಸಬೇಕು.

ಪೀಠಿಕೆ

ಹವಾಯಿಯ ಮೌನಾ ಲೋವಾದಲ್ಲಿ ಚಾರ್ಲ್ಸ್ ಕೀಲಿಂಗ್ 1958ರಲ್ಲಿ ಅಳತೆ ಆರಂಭಿಸಿದಾಗ, ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್‌ನವು ಸುಮಾರು 315. ಈಗ 420ಕ್ಕೂ ಹೆಚ್ಚು. ಈ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು, ಸೂರ್ಯ, ಜ್ವಾಲಾಮುಖಿ, ಕಲ್ಲಿದ್ದಲು–ತೈಲ ಎಂಬ ಮೂರು ಗುಂಪುಗಳಿಗೆ ಮಾಹಿತಿ ಚೀಟಿಗಳನ್ನು ಹಂಚಿದೆ.

ಚರ್ಚೆ

ಸೂರ್ಯನೇ ಕಾರಣವಾದರೆ ವಾಯುಮಂಡಲದ ಮೇಲಿನ ಪದರವೂ ಬಿಸಿಯಾಗಬೇಕು. ಆದರೆ ಕೆಳಗಿನ ಪರಿವರ್ತನಾ ಮಂಡಲ ಬಿಸಿಯಾಗುತ್ತಿದ್ದರೆ, ಮೇಲಿನ ಸಮೋಷ್ಣ ಮಂಡಲ ತಣ್ಣಗಾಗುತ್ತಿದೆ. ಜ್ವಾಲಾಮುಖಿಗಳು ವರ್ಷಕ್ಕೆ ಬಿಡುವ ಇಂಗಾಲದ ಡೈಆಕ್ಸೈಡ್ ಮನುಷ್ಯರು ಬಿಡುವುದರ ಶೇಕಡ 1ರಷ್ಟೂ ಇಲ್ಲ.

ಮೂರನೆಯ ಗುಂಪು ಐಸೋಟೋಪುಗಳ ಪಾಠವನ್ನು ಬಳಸಿತು. ಕಾರ್ಬನ್-14ರ ಅರ್ಧಾಯು ಸುಮಾರು 5,730 ವರ್ಷ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲಿನಲ್ಲಿ ಅದು ಉಳಿದಿರದು. ಹಾಗಾದರೆ ಆ ಹೊಗೆ ಬೆರೆತಂತೆ ಗಾಳಿಯಲ್ಲಿ ಕಾರ್ಬನ್-14ರ ಪಾಲು ತಗ್ಗಬೇಕು. ಈ ಇಳಿಕೆಯನ್ನು ಹಾನ್ಸ್ ಸ್ಯೂಸ್ 1955ರಲ್ಲಿ ಮರಗಳ ಕಟ್ಟಿಗೆಯಲ್ಲಿ ತೋರಿಸಿದ್ದರು.

‘ಮಿಸ್, ಜ್ವಾಲಾಮುಖಿಯ ಇಂಗಾಲವೂ ಹಳೆಯದೇ ಅಲ್ಲವೇ?’ ಎಂದು ಎರಡನೆಯ ಗುಂಪಿನ ಹುಡುಗಿ ಕೇಳಿದಳು. ಅಂದಿನ ಅತ್ಯುತ್ತಮ ಪ್ರಶ್ನೆ ಅದು. ಉತ್ತರ ಕಾರ್ಬನ್-13ರಲ್ಲಿದೆ. ಸಸ್ಯಗಳು ಹಗುರ ಇಂಗಾಲವನ್ನೇ ಹೆಚ್ಚು ಹೀರುತ್ತವೆ. ಹಾಗಾಗಿ ಸಸ್ಯಮೂಲದ ಕಲ್ಲಿದ್ದಲಿನಲ್ಲಿ ಕಾರ್ಬನ್-13 ಕಡಿಮೆ. ಜ್ವಾಲಾಮುಖಿಯ ಅನಿಲದಲ್ಲಿ ಅಷ್ಟು ಕಡಿಮೆ ಇರುವುದಿಲ್ಲ. ಗಾಳಿಯಲ್ಲಿ ಈ ಎರಡೂ ಐಸೋಟೋಪುಗಳ ಪಾಲು ತಗ್ಗಿರುವುದು ಕಲ್ಲಿದ್ದಲು–ತೈಲದ ಕಡೆಗೇ ಬೆರಳು ತೋರಿಸುತ್ತದೆ.

‘ಗಾಳಿಯಲ್ಲಿ ಶೇಕಡ 0.04 ಇರುವ ಅನಿಲ ಏನು ಮಾಡೀತು?’ ಎಂದು ಇನ್ನೊಬ್ಬ ಕೇಳಿದ. ಉಳಿದ ಗಾಳಿಯ ಬಹುಪಾಲು ನೈಟ್ರೋಜನ್ ಮತ್ತು ಆಕ್ಸಿಜನ್. ಭೂಮಿ ಹೊರಸೂಸುವ ಶಾಖಕಿರಣಗಳನ್ನು ಅವು ಹೆಚ್ಚುಕಡಿಮೆ ಹಾಗೆಯೇ ಬಿಡುತ್ತವೆ, ಇಂಗಾಲದ ಡೈಆಕ್ಸೈಡ್ ಹೀರುತ್ತದೆ. ಜಾನ್ ಟಿಂಡಾಲ್ 1859ರಲ್ಲೇ ಇದನ್ನು ಪ್ರಯೋಗದಿಂದ ತೋರಿಸಿದ್ದರು.

ಮೌಲ್ಯಮಾಪನ

‘ಯಾವ ಗುಂಪು ಗೆದ್ದಿತು?’ ಎಂದು ಕೇಳಲಿಲ್ಲ. ‘ಯಾವ ಪುರಾವೆ ಯಾವ ಕಾರಣವನ್ನು ತಳ್ಳಿಹಾಕಿತು?’ ಎಂದು ಎರಡು ವಾಕ್ಯ ಬರೆಸಿದೆ.

ಸಹಶಿಕ್ಷಣಾರ್ಥಿಗಳಿಗೆ ಸೂಚನೆ

ವಿರೋಧದ ಪ್ರಶ್ನೆಗಳನ್ನು ತಡೆಯಬೇಡಿ, ಪುರಾವೆಯ ಎದುರು ನಿಲ್ಲಿಸಿ. ‘ಯಾವ ದೇಶ ಎಷ್ಟು ಹೊರಸೂಸುವಿಕೆ ಕಡಿತ ಮಾಡಬೇಕು?’ ಎಂಬುದು ನ್ಯಾಯದ ಪ್ರಶ್ನೆ. ಅಲ್ಲಿ ಪರ–ವಿರೋಧ ಎರಡಕ್ಕೂ ಜಾಗವಿದೆ. ಅದನ್ನು ಇನ್ನೊಂದು ಅವಧಿಗೆ ಇಟ್ಟುಕೊಳ್ಳಿ. ಎರಡನ್ನೂ ಬೆರೆಸಿದರೆ, ವಿಜ್ಞಾನವೂ ಬರಿಯ ಅಭಿಪ್ರಾಯವೆಂದು ಮಕ್ಕಳು ತಿಳಿಯುತ್ತಾರೆ.