ಹೃದಯ, ಕ್ಯಾಲ್ಸಿಯಂ ಮತ್ತು ಒಂದು ಚಿಕ್ಕ ಗುಳಿಗೆ



ನಮ್ಮ ಶಾಲೆಯ ಮಕ್ಕಳ ಮನೆಗಳಿಗೆ ಹೋದಾಗಲೆಲ್ಲ ದೇವರ ಗೂಡಿನ ಪಕ್ಕದಲ್ಲಿಯೋ ಕಿಟಕಿಯ ಹಲಗೆಯ ಮೇಲೆಯೋ ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ಇರುವುದನ್ನು ನಾವು ಕಂಡಿದ್ದೇವೆ. ಅದರಲ್ಲಿ ಅಜ್ಜನ ಅಥವಾ ಅಜ್ಜಿಯ ಗುಳಿಗೆಗಳಿರುತ್ತವೆ. ಅವುಗಳಲ್ಲೊಂದನ್ನು ‘ಬಿ.ಪಿ. ಗುಳಿಗೆ’ ಎಂದೋ ‘ಹಾರ್ಟಿನ ಗುಳಿಗೆ’ ಎಂದೋ ಕರೆಯುವುದುಂಟು. ಅದರ ನಿಜವಾದ ಹೆಸರೇನು, ಅದು ಶರೀರದಲ್ಲಿ ಮಾಡುವ ಕಾರ್ಯವೇನು, ಅದನ್ನು ಹೇಗೆ ಸೇವಿಸಬೇಕು, ಹೇಗೆ ಸೇವಿಸಬಾರದು ಎಂಬುದನ್ನು ಬಲ್ಲವರು ವಿರಳ. ಕಳೆದ ವರ್ಷದವರೆಗೆ ನಾವೂ ಅರಿಯದವರೇ ಆಗಿದ್ದೆವು. ನಾವು ವೈದ್ಯರಲ್ಲ, ಕನ್ನಡ ಶಾಲೆಯಲ್ಲಿ ಓದಿ, ಮೆಟ್ರಿಕ್ ಮುಗಿಸಿ, ಈ ಮುಂಬಯಿಗೆ ಬಂದು ಕನ್ನಡವನ್ನೇ ಕಲಿಸುತ್ತಿರುವವರು. ನಮ್ಮ ಮನೆಯಲ್ಲಿ ನಡೆದ ಒಂದು ಪ್ರಸಂಗವು ನಮ್ಮನ್ನು ಈ ವಿಷಯದ ವಿದ್ಯಾರ್ಥಿಗಳನ್ನಾಗಿ ಮಾಡಿತು. ವೈದ್ಯರನ್ನು ಕೇಳಿ, ಪುಸ್ತಕಗಳನ್ನು ಓದಿ ನಾವು ಕಲಿತುದನ್ನು ಪಾಠದ ರೂಪದಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಮೊದಲು ಆ ಪ್ರಸಂಗವನ್ನು ಹೇಳಿಬಿಡುವುದು ಮೇಲು. ಕಳೆದ ದೀಪಾವಳಿಯ ತರುವಾಯ ನಮ್ಮ ತಾಯಿಯವರು ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಿಂದ ಇಲ್ಲಿಗೆ ಬಂದರು. ಅವರಿಗೆ ರಕ್ತದೊತ್ತಡ ಹೆಚ್ಚು. ಊರಿನ ವೈದ್ಯರು ಕೊಟ್ಟ ಗುಳಿಗೆಗಳು ಅವರ ಚೀಲದಲ್ಲಿದ್ದವು. ಇಲ್ಲಿ ಮತ್ತೊಬ್ಬ ವೈದ್ಯರಿಗೆ ತೋರಿಸಿದಾಗ ಅವರು ಬೇರೊಂದು ಹೆಸರಿನ ಗುಳಿಗೆಯನ್ನು ಬರೆದುಕೊಟ್ಟರು. ಹಳೆಯ ಗುಳಿಗೆಯನ್ನು ಅವರಿಗೆ ತೋರಿಸುವುದನ್ನು ನಾವು ಮರೆತೆವು. ತಾಯಿಯವರಾದರೋ ಊರಿನದೊಂದು, ಮುಂಬಯಿಯದೊಂದು ಎಂದು ದಿನವೂ ಎರಡನ್ನೂ ನುಂಗತೊಡಗಿದರು. ಅಷ್ಟರಲ್ಲಿ ನೆರೆಯವರಾರೋ, “ಇದು ಕ್ಯಾಲ್ಸಿಯಂ ತಡೆಯುವ ಔಷಧ, ಇದನ್ನು ತೆಗೆದುಕೊಳ್ಳುವವರು ಹಾಲು ಕುಡಿಯಬಾರದು” ಎಂದು ಹೇಳಿದ್ದರಿಂದ ಹಾಲು ಮೊಸರುಗಳನ್ನೂ ಬಿಟ್ಟರು. ಮೂರು ವಾರಗಳಲ್ಲಿ ಅವರ ಪಾದಗಳೂ ಕಣಕಾಲುಗಳೂ ಊದಿಕೊಂಡವು. ಒಂದು ಮುಂಜಾನೆ ನೀರು ಹಿಡಿಯಲೆಂದು ಅವಸರದಿಂದ ಎದ್ದವರು ತಲೆ ತಿರುಗಿ ನಲ್ಲಿಯ ಬಳಿಯಲ್ಲಿಯೇ ಕುಸಿದುಬಿಟ್ಟರು. ಪುಣ್ಯವಶಾತ್ ಎಲುಬು ಮುರಿಯಲಿಲ್ಲ.

ಆ ದಿನ ಎರಡು ಗುಳಿಗೆಪಟ್ಟಿಗಳನ್ನೂ ಕೈಯಲ್ಲಿ ಹಿಡಿದು ನೋಡಿದವಳು ಐದನೆಯ ಇಯತ್ತೆಯಲ್ಲಿ ಓದುವ ನಮ್ಮ ಮಗಳು. “ಅಪ್ಪಾ, ಕಂಪನಿಯ ಹೆಸರು ಬೇರೆ ಬೇರೆ. ಆದರೆ ಎರಡರ ಮೇಲೂ ಅಮ್ಲೋಡಿಪಿನ್ 5 ಮಿಲಿಗ್ರಾಂ ಎಂದೇ ಇದೆಯಲ್ಲ!” ಎಂದಳು. ವೈದ್ಯರು ಅದನ್ನು ನೋಡಿ ಒಂದು ಪಟ್ಟಿಯನ್ನು ತೆಗೆದಿಟ್ಟರು. ಕೆಲವು ವಾರಗಳಲ್ಲಿ ಊತ ಇಳಿಯಿತು. ದೋಷ ಔಷಧದ್ದಾಗಿರಲಿಲ್ಲ. ಕಣ್ಣೆದುರಿಗೇ ಇದ್ದ ಅಕ್ಷರಗಳನ್ನು ಓದದೆ ಹೋದ ನಮ್ಮದಾಗಿತ್ತು.

ಕ್ಯಾಲ್ಸಿಯಂ ಮತ್ತು ಹೃದಯದ ಬಡಿತ

ವಯಸ್ಕ ಮನುಷ್ಯನ ಶರೀರದಲ್ಲಿ ಸುಮಾರು 1 ಕಿಲೋಗ್ರಾಂ ಕ್ಯಾಲ್ಸಿಯಂ ಇದೆ. ಅದರಲ್ಲಿ ನೂರಕ್ಕೆ 99 ಪಾಲು ಎಲುಬು ಹಲ್ಲುಗಳಲ್ಲಿರುತ್ತದೆ. ಉಳಿದ ಒಂದು ಪಾಲು ಮಾಡುವ ಕೆಲಸವಾದರೋ ಅತ್ಯಂತ ಮಹತ್ವದ್ದು. ಇದನ್ನು ಮೊದಲು ಕಂಡುಕೊಂಡವರು ಲಂಡನ್ನಿನ ವೈದ್ಯರಾದ ಸಿಡ್ನಿ ರಿಂಗರ್. 1880ರ ದಶಕದ ಆರಂಭದಲ್ಲಿ ಅವರು ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ಪರೀಕ್ಷಿಸುತ್ತಿದ್ದರು. ಒಮ್ಮೆ ಹೃದಯವು ಬಹಳ ಹೊತ್ತು ಬಡಿಯಿತು; ಮತ್ತೊಮ್ಮೆ ಬೇಗನೆ ನಿಂತುಹೋಯಿತು. ವಿಚಾರಿಸಲಾಗಿ, ಚೆನ್ನಾಗಿ ಬಡಿದ ಸಲ ದ್ರಾವಣವನ್ನು ಭಟ್ಟಿಯಿಳಿಸಿದ ನೀರಿನಲ್ಲಿ ಮಾಡದೆ ನಗರದ ನಲ್ಲಿಯ ನೀರಿನಲ್ಲಿ ಮಾಡಲಾಗಿತ್ತೆಂದು ತಿಳಿಯಿತು. ನಲ್ಲಿಯ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು! 1883ರಲ್ಲಿ ಅವರು ಇದನ್ನು ಪ್ರಕಟಿಸಿದರು. ಇಂದಿಗೂ ಆಸ್ಪತ್ರೆಗಳಲ್ಲಿ ‘ರಿಂಗರ್ ಲ್ಯಾಕ್ಟೇಟ್’ ಎಂಬ ಬಾಟಲಿಯನ್ನು ತೂಗುಹಾಕುತ್ತಾರೆ. ಆ ಹೆಸರು ಇವರದೇ.

ಹೃದಯದ ಸ್ನಾಯು ಅಸಂಖ್ಯ ಜೀವಕೋಶಗಳಿಂದಾದುದು. ಪ್ರತಿಯೊಂದು ಕೋಶದ ಗೋಡೆಯಲ್ಲಿ ಅತಿ ಸೂಕ್ಷ್ಮವಾದ ಬಾಗಿಲುಗಳಿವೆ. ವಿದ್ಯುತ್ ಸಂಜ್ಞೆ ಬಂದೊಡನೆ ಬಾಗಿಲು ತೆರೆದು ಕ್ಯಾಲ್ಸಿಯಂ ಒಳನುಗ್ಗುತ್ತದೆ, ಸ್ನಾಯು ಸಂಕುಚಿತವಾಗುತ್ತದೆ. ಕ್ಯಾಲ್ಸಿಯಂ ಹಿಂದೆ ಸರಿದಾಗ ಸ್ನಾಯು ಸಡಿಲುತ್ತದೆ. ಹೀಗೆ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ನಡೆಯುತ್ತದೆ. ರಕ್ತವನ್ನು ಸಾಗಿಸುವ ಧಮನಿಗಳ ಗೋಡೆಯಲ್ಲಿಯೂ ಸ್ನಾಯುವಿದ್ದು, ಅದೂ ಇದೇ ರೀತಿ ಬಿಗಿಯುತ್ತದೆ. ಧಮನಿ ಬಿಗಿದಷ್ಟೂ ರಕ್ತದ ದಾರಿ ಕಿರಿದಾಗಿ ಒತ್ತಡ ಏರುತ್ತದೆ. ತೋಟದ ರಬ್ಬರ್ ಕೊಳವೆಯ ತುದಿಯನ್ನು ಒತ್ತಿ ಹಿಡಿದಾಗ ನೀರು ರಭಸದಿಂದ ಚಿಮ್ಮುವುದನ್ನು ನೀವು ನೋಡಿಲ್ಲವೆ?

ಔಷಧವು ಮಾಡುವುದೇನು?

1960ರ ದಶಕದಲ್ಲಿ ಜರ್ಮನಿಯ ಫ್ರೈಬುರ್ಗ್ ನಗರದ ವಿಜ್ಞಾನಿ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್ ಅವರು, ವೆರಾಪಮಿಲ್ ಮುಂತಾದ ಕೆಲವು ಔಷಧಗಳನ್ನು ಕೊಟ್ಟಾಗ ಹೃದಯದ ಸ್ನಾಯುವು ಕ್ಯಾಲ್ಸಿಯಂ ದೊರೆಯದಿದ್ದರೆ ಹೇಗೋ ಹಾಗೆ ಮೃದುವಾಗಿ ವರ್ತಿಸುವುದನ್ನು ಕಂಡರು. ಈ ಔಷಧಗಳು ಕೋಶದ ಬಾಗಿಲುಗಳಲ್ಲಿ ಕ್ಯಾಲ್ಸಿಯಂ ಪ್ರವೇಶವನ್ನು ಮಿತಗೊಳಿಸುತ್ತವೆ, ಪೂರ್ತಿಯಾಗಿ ಮುಚ್ಚುವುದಿಲ್ಲ. ಆದುದರಿಂದ ಇವುಗಳಿಗೆ ‘ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್’ ಎಂಬ ಹೆಸರು ಬಂದಿತು. ಧಮನಿಗಳು ಸಡಿಲಗೊಂಡು ರಕ್ತದೊತ್ತಡ ಇಳಿಯುತ್ತದೆ. ಹೃದಯಕ್ಕೇ ರಕ್ತವನ್ನೊದಗಿಸುವ ನಾಳಗಳು ಅಗಲವಾಗಿ ಎದೆನೋವು ತಗ್ಗುತ್ತದೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ನೆನಪಿಡಿರಿ. ಈ ಗುಳಿಗೆ ಎಲುಬಿನ ಕ್ಯಾಲ್ಸಿಯಂ ಕದಿಯುವುದಿಲ್ಲ. ಊಟದ ಕ್ಯಾಲ್ಸಿಯಂಗೂ ಇದಕ್ಕೂ ಜಗಳವಿಲ್ಲ. ಹಾಲು, ಮೊಸರು, ರಾಗಿ, ಎಳ್ಳುಗಳನ್ನು ಇದಕ್ಕಾಗಿ ಬಿಡಬೇಕಾಗಿಲ್ಲ. ಕೈಕಾಲುಗಳ ಸ್ನಾಯುಗಳೂ ಇದರಿಂದ ಸೋಲುವುದಿಲ್ಲ. ಅವು ತಮ್ಮೊಳಗೇ ಶೇಖರಿಸಿಟ್ಟುಕೊಂಡ ಕ್ಯಾಲ್ಸಿಯಂ ಬಲದಿಂದ ಕೆಲಸ ಮಾಡುತ್ತವೆ.

ಎರಡು ಮನೆತನಗಳು

ಈ ಔಷಧಗಳಲ್ಲಿ ಮುಖ್ಯವಾಗಿ ಎರಡು ಮನೆತನಗಳಿವೆ. ಮೊದಲನೆಯ ಮನೆತನದ ಹೆಸರುಗಳೆಲ್ಲ ‘ಡಿಪಿನ್’ ಎಂದು ಕೊನೆಗೊಳ್ಳುತ್ತವೆ: ಅಮ್ಲೋಡಿಪಿನ್, ನಿಫೆಡಿಪಿನ್, ಫೆಲೋಡಿಪಿನ್, ಸಿಲ್ನಿಡಿಪಿನ್. ಇವು ಪ್ರಧಾನವಾಗಿ ಧಮನಿಗಳ ಮೇಲೆ ಕೆಲಸ ಮಾಡುತ್ತವೆ. ಪಾದಗಳ ಊತ, ಮುಖ ಬಿಸಿಯಾಗುವುದು, ತಲೆನೋವು, ಎದ್ದಾಗ ತಲೆ ತಿರುಗುವುದು ಇವುಗಳಿಂದಾಗಬಹುದಾದ ತೊಂದರೆಗಳು. ಕೆಲವರಿಗೆ ವಸಡು ಊದುವುದೂ ಉಂಟು.

ಎರಡನೆಯ ಮನೆತನದವರು ವೆರಾಪಮಿಲ್ ಮತ್ತು ಡಿಲ್ಟಿಯಾಜೆಮ್. ಇವು ಹೃದಯದ ಮೇಲೆಯೂ ನೇರವಾಗಿ ಕೆಲಸ ಮಾಡಿ ಬಡಿತದ ವೇಗವನ್ನು ತಗ್ಗಿಸುತ್ತವೆ. ಅತಿವೇಗದ ಕೆಲವು ಬಡಿತಗಳಿಗೆ ವೈದ್ಯರು ಇವನ್ನು ಕೊಡುತ್ತಾರೆ. ವೆರಾಪಮಿಲ್‌ನಿಂದ ಮಲಬದ್ಧತೆ ಉಂಟಾಗುವುದು ಸಾಮಾನ್ಯ. ಅಟೆನೋಲೋಲ್, ಮೆಟೊಪ್ರೋಲೋಲ್ ಮುಂತಾಗಿ ‘ಲೋಲ್’ ಎಂದು ಕೊನೆಗೊಳ್ಳುವ ಗುಳಿಗೆಗಳೂ ಬಡಿತವನ್ನು ತಗ್ಗಿಸುವಂಥವೇ. ಎರಡೂ ಕೂಡಿದರೆ ಹೃದಯದ ಬಡಿತ ಅಪಾಯಕರವಾಗಿ ನಿಧಾನವಾಗಬಹುದು. ಹೃದಯದ ಪಂಪು ದುರ್ಬಲವಾದವರಿಗೂ ಈ ಎರಡನೆಯ ಮನೆತನದ ಔಷಧಗಳು ಸಾಮಾನ್ಯವಾಗಿ ಸಲ್ಲವು. ಒಬ್ಬರ ‘ಹಾರ್ಟಿನ ಗುಳಿಗೆ’ಯನ್ನು ಇನ್ನೊಬ್ಬರು ಎಂದಿಗೂ ಸೇವಿಸಬಾರದೆನ್ನಲು ಇದೇ ಕಾರಣ.

ಹಣ್ಣಿನ ಕಥೆ

1989ರಲ್ಲಿ ಕೆನಡಾ ದೇಶದ ಡೇವಿಡ್ ಬೇಯ್ಲಿ ಮತ್ತು ಸಂಗಡಿಗರು ಫೆಲೋಡಿಪಿನ್ ಮತ್ತು ಮದ್ಯಗಳ ಸಂಬಂಧವನ್ನು ಪರೀಕ್ಷಿಸುತ್ತಿದ್ದಾಗ, ಮದ್ಯದ ರುಚಿಯನ್ನು ಮರೆಮಾಚಲು ಗ್ರೇಪ್‌ಫ್ರೂಟ್ ಎಂಬ ಹಣ್ಣಿನ ರಸವನ್ನು ಬೆರೆಸಿದ್ದರು. ರಕ್ತದಲ್ಲಿ ಔಷಧದ ಪ್ರಮಾಣ ನಿರೀಕ್ಷೆಗಿಂತ ಬಹಳ ಏರಿತ್ತು. ಕಾರಣ ಮದ್ಯವಲ್ಲ, ಹಣ್ಣಿನ ರಸ! ಕರುಳಿನಲ್ಲಿ ಔಷಧದ ಒಂದಂಶವನ್ನು ಕರಗಿಸಿ ಕಳೆಯುವ ಕಿಣ್ವವನ್ನು ಆ ರಸವು ಕೆಲಸಗೆಡಿಸುತ್ತದೆ. ಆಗ ಒಂದು ಗುಳಿಗೆಯೇ ಹಲವು ಗುಳಿಗೆಗಳಂತೆ ವರ್ತಿಸಬಹುದು. ಫೆಲೋಡಿಪಿನ್, ನಿಫೆಡಿಪಿನ್, ವೆರಾಪಮಿಲ್‌ಗಳಲ್ಲಿ ಈ ಪರಿಣಾಮ ಗಣನೀಯ, ಅಮ್ಲೋಡಿಪಿನ್‌ನಲ್ಲಿ ಅಲ್ಪ.

ಗ್ರೇಪ್‌ಫ್ರೂಟ್ ನಮ್ಮ ಮನೆಗಳಿಗೆ ಅಪರೂಪ. ಆದರೆ ಅದು ಚಕ್ಕೋತ ಮತ್ತು ಕಿತ್ತಳೆಗಳ ಸಂಕರದಿಂದ ಹುಟ್ಟಿದ ಹಣ್ಣು, ಮತ್ತು ಚಕ್ಕೋತದಲ್ಲಿಯೂ ಅಂಥ ವಸ್ತುಗಳಿವೆ. ನಮ್ಮ ದೇವನಹಳ್ಳಿಯ ಚಕ್ಕೋತ ಪ್ರಸಿದ್ಧವಷ್ಟೆ. ಊರಿನಿಂದ ಚಕ್ಕೋತ ಬಂದಾಗ, ಈ ಗುಳಿಗೆ ಸೇವಿಸುವ ಹಿರಿಯರು ವೈದ್ಯರನ್ನು ಕೇಳಿ ತಿನ್ನುವುದು ಲೇಸು.

ಮನೆಯಲ್ಲಿ ಪಾಲಿಸತಕ್ಕ ನಿಯಮಗಳು

1. ಗುಳಿಗೆಯ ಮೂಲ ಹೆಸರನ್ನು ಓದಿರಿ. ಮಾರಾಟದ ಹೆಸರು ಕಂಪನಿಗೊಂದು. ಮೂಲ ಹೆಸರು ಒಂದೇ. 2018ರಿಂದ ನಮ್ಮ ದೇಶದಲ್ಲಿ ಮೂಲ ಹೆಸರನ್ನು ಮಾರಾಟದ ಹೆಸರಿಗಿಂತ ದೊಡ್ಡ ಅಕ್ಷರಗಳಲ್ಲಿ ಮುದ್ರಿಸಬೇಕೆಂಬ ನಿಯಮವಿದೆ. ಒಂದೇ ಗುಳಿಗೆಯಲ್ಲಿ ಎರಡು ಔಷಧಗಳು ಕೂಡಿರುವುದೂ ಉಂಟು. ಅಮ್ಲೋಡಿಪಿನ್ ಹೀಗೆ ಅಟೆನೋಲೋಲ್ ಅಥವಾ ಟೆಲ್ಮಿಸಾರ್ಟಾನ್ ಜೊತೆಯಲ್ಲಿ ಅಡಗಿರಬಹುದು. ಆದುದರಿಂದ ಎಲ್ಲ ಹೆಸರುಗಳನ್ನೂ ಓದಬೇಕು.

2. ಗುಳಿಗೆಪಟ್ಟಿಯನ್ನು ಕತ್ತರಿಸುವಾಗ ಹೆಸರು ಮತ್ತು ಅವಧಿಯ ದಿನಾಂಕವಿರುವ ಭಾಗವನ್ನು ಕೊನೆಯವರೆಗೆ ಉಳಿಸಿಕೊಳ್ಳಿರಿ.

3. ಹೊಸ ವೈದ್ಯರ ಬಳಿಗೆ ಹೋಗುವಾಗ ಮನೆಯ ಗುಳಿಗೆಗಳನ್ನೆಲ್ಲ ಒಯ್ದು ತೋರಿಸಿರಿ. ಕೊಲೆಸ್ಟರಾಲಿನ ಗುಳಿಗೆಯಾದ ಸಿಮ್ವಾಸ್ಟಾಟಿನ್, ಸೋಂಕಿಗೆ ಕೊಡುವ ಕ್ಲಾರಿಥ್ರೊಮೈಸಿನ್, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇವುಗಳಿಗೂ ಈ ಔಷಧಗಳಿಗೂ ಪರಸ್ಪರ ಪರಿಣಾಮವಿದೆ.

4. ಒತ್ತಡ ಸರಿಯಾಯಿತೆಂದು ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಒತ್ತಡ ಸರಿಯಾದುದು ಗುಳಿಗೆಯಿಂದಲೇ! ನಿಲ್ಲಿಸಿದರೆ ಒತ್ತಡವೂ ಎದೆನೋವೂ ಮರಳಬಹುದು. ಅಮ್ಲೋಡಿಪಿನ್‌ನ ಪೂರ್ಣ ಪ್ರಭಾವಕ್ಕೆ ಒಂದು ವಾರಕ್ಕೂ ಹೆಚ್ಚು ಸಮಯ ಬೇಕು. ಎರಡು ದಿನಗಳಲ್ಲಿ ಗುಣ ಕಾಣದೆಂದು ಹೆಚ್ಚು ನುಂಗುವುದೂ ಸಲ್ಲದು.

5. ಒಂದು ದಿನ ಮರೆತರೆ ಮರುದಿನ ಎರಡನ್ನು ಕೂಡಿಸಿ ನುಂಗಬಾರದು. ದಿನಕ್ಕೊಮ್ಮೆಯ ಅಮ್ಲೋಡಿಪಿನ್ ಆದರೆ ನೆನಪಾದ ಕೂಡಲೆ ಸೇವಿಸಬಹುದು; 12 ಗಂಟೆಗಳಿಗಿಂತ ಹೆಚ್ಚಾಗಿದ್ದರೆ ಅದನ್ನು ಬಿಟ್ಟು ಮರುದಿನ ಎಂದಿನಂತೆ ಒಂದನ್ನೇ ಸೇವಿಸತಕ್ಕದ್ದು.

6. ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಗಳನ್ನು ಪುಡಿ ಮಾಡಬಾರದು, ಅಗಿಯಬಾರದು. ಇಡೀ ದಿನದ ಔಷಧ ಒಮ್ಮೆಲೇ ರಕ್ತಕ್ಕೆ ಸೇರುತ್ತದೆ. ಹಿಂದೆ ಒತ್ತಡ ಏರಿದೊಡನೆ ನಿಫೆಡಿಪಿನ್ ಕ್ಯಾಪ್ಸೂಲನ್ನು ಚುಚ್ಚಿ ನಾಲಿಗೆಯ ಕೆಳಗೆ ಹಾಕುವ ರೂಢಿಯಿತ್ತು. ಒತ್ತಡವು ಹಠಾತ್ತನೆ ಕುಸಿದು ಹೃದಯಕ್ಕೂ ಮೆದುಳಿಗೂ ಅಪಾಯವಾದುದರಿಂದ, ಇದನ್ನು ನಿಲ್ಲಿಸಬೇಕೆಂದು 1996ರಲ್ಲಿಯೇ ವೈದ್ಯಶಾಸ್ತ್ರದ ತಜ್ಞರು ಎಚ್ಚರಿಸಿದರು. ಮನೆಯಲ್ಲಿ ಇದನ್ನು ಎಂದೂ ಮಾಡಕೂಡದು.

7. ಕಾಲು ಊದಿದರೆ ತಾವಾಗಿಯೇ ಮೂತ್ರ ಹೆಚ್ಚಿಸುವ ಗುಳಿಗೆ ಕೊಂಡು ನುಂಗದೆ ವೈದ್ಯರಿಗೆ ತಿಳಿಸಿರಿ. ಅವರು ಪ್ರಮಾಣವನ್ನು ತಗ್ಗಿಸಬಹುದು ಅಥವಾ ಔಷಧವನ್ನು ಬದಲಿಸಬಹುದು. ಹಿರಿಯರು ಹಾಸಿಗೆಯಿಂದ ಏಳುವಾಗ ಮೊದಲು ಕುಳಿತು, ತುಸು ತಡೆದು, ಆಮೇಲೆ ನಿಲ್ಲಲಿ.

8. ಎಳೆಯ ಮಕ್ಕಳ ಕೈಗೆ ಈ ಗುಳಿಗೆಗಳು ಎಟುಕಬಾರದು. ಚಿಕ್ಕ ಮಗುವಿಗೆ ಒಂದೆರಡು ಗುಳಿಗೆಗಳೂ ಪ್ರಾಣಾಪಾಯ ತರಬಲ್ಲವು. ಮಗು ನುಂಗಿದೆಯೆಂಬ ಸಂದೇಹ ಬಂದರೂ ಲಕ್ಷಣಗಳಿಗಾಗಿ ಕಾಯದೆ ಗುಳಿಗೆಪಟ್ಟಿಯೊಡನೆ ಆಸ್ಪತ್ರೆಗೆ ಧಾವಿಸಬೇಕು.

9. ಎದೆಯಲ್ಲಿ ಕಡುನೋವು, ಉಸಿರಾಟದ ಕಷ್ಟ, ಎಚ್ಚರ ತಪ್ಪುವುದು, ನಾಡಿ ತೀರ ನಿಧಾನವಾಗುವುದು ಕಂಡುಬಂದರೆ ಇನ್ನೊಂದು ಗುಳಿಗೆ ಕೊಟ್ಟು ನೋಡುತ್ತ ಕೂಡಬಾರದು. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ.

ಉಪಸಂಹಾರ

ವಿದ್ಯಾರ್ಥಿಗಳೇ, ನಮ್ಮ ಹಿರಿಯರು ವರ್ಷದಲ್ಲಿ ಕೆಲವು ತಿಂಗಳು ಊರಿನಲ್ಲಿಯೂ ಕೆಲವು ತಿಂಗಳು ಇಲ್ಲಿಯೂ ಇರುವವರು. ಅವರಿಗೆ ಇಬ್ಬರು ವೈದ್ಯರು, ಎರಡು ಔಷಧದಂಗಡಿಗಳು. ಗುಳಿಗೆಯ ಮೇಲಿನ ಅಕ್ಷರಗಳು ಇಂಗ್ಲಿಷಿನವು; ಅವರು ಕಲಿತುದು ಕನ್ನಡ, ಅನೇಕರು ಅದನ್ನೂ ಕಲಿಯಲಿಲ್ಲ. ಇವೆರಡರ ನಡುವೆ ನಿಲ್ಲಬಲ್ಲವರು ನೀವೇ.

ಆದುದರಿಂದ ಈ ರಜೆಯಲ್ಲಿ ನಿಮಗೊಂದು ಅಭ್ಯಾಸವನ್ನು ಕೊಡುತ್ತೇವೆ. ಮನೆಯವರ ಅಪ್ಪಣೆ ಪಡೆದು ಅವರೊಡನೆ ಕುಳಿತು ಆ ಡಬ್ಬಿಯನ್ನು ತೆರೆಯಿರಿ. ಒಂದು ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರಗಳಿಂದ ಗುಳಿಗೆಯ ಮೂಲ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತು, ಯಾತಕ್ಕಾಗಿ ಎಂದು ನಾಲ್ಕು ಸಾಲುಗಳಲ್ಲಿ ಬರೆಯಿರಿ. ಕೆಳಗೆ ಅದೇ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೂ ಬರೆಯಿರಿ, ಔಷಧದಂಗಡಿಯವನಿಗೆ ಬೇಕಾದೀತು. ಒಂದೇ ಹೆಸರು ಎರಡು ಸಲ ಬಂದರೆ ನೀವಾಗಿ ಯಾವುದನ್ನೂ ತೆಗೆದುಹಾಕದೆ ಕೂಡಲೆ ಹಿರಿಯರಿಗೂ ಅವರ ಮೂಲಕ ವೈದ್ಯರಿಗೂ ತಿಳಿಸಿರಿ. ಆ ಹಾಳೆಯನ್ನು ಡಬ್ಬಿಯ ಮುಚ್ಚಳಕ್ಕೆ ಅಂಟಿಸಿ, ಅಜ್ಜಿ ಊರಿಗೆ ಹೊರಟಾಗ ಒಂದು ಪ್ರತಿಯನ್ನು ಅವರ ಚೀಲದಲ್ಲಿಡಿರಿ.

ನಮ್ಮ ತಾಯಿಯವರು ಈ ಚೈತ್ರದಲ್ಲಿ ಊರಿಗೆ ಮರಳಿದರು. ಅವರ ಚೀಲದಲ್ಲಿ ಒಂದೇ ಗುಳಿಗೆಪಟ್ಟಿ ಇದೆ, ಮೊಮ್ಮಗಳು ಬರೆದ ಒಂದು ಹಾಳೆ ಇದೆ. ರಾತ್ರಿ ಮಲಗುವ ಮುನ್ನ ಹಾಲನ್ನೂ ಕುಡಿಯುತ್ತಿದ್ದಾರೆ.